ಒಕ್ಕಲುತನದ ಮನೆಯ ಹಣಕಾಸು: ಬಾಳಿನ ತಿರುವುಗಳಲ್ಲಿ ಕೈಗೊಳ್ಳಬೇಕಾದ ನಿರ್ಧಾರಗಳು

ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಬಹುಪಾಲು ಒಣಬೇಸಾಯದ ಕುಟುಂಬಗಳಿಗೆ ಹಣ ಕೈಸೇರುವುದು ವರ್ಷಕ್ಕೆ ಒಂದೇ ಬಾರಿ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಕಟಾವಿಗೆ ಬಂದು, ರಾಶಿಯಾಗಿ ಮಾರುಕಟ್ಟೆ ಸೇರುವ ಹೊತ್ತಿಗೆ ಜನವರಿ ಅಥವಾ ಫೆಬ್ರುವರಿ ಆಗಿರುತ್ತದೆ. ಆದರೆ ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಅದರ ಜೊತೆಗೆ ಮದುವೆ, ಹೆರಿಗೆ, ಮಕ್ಕಳ ಓದು, ಕಾಯಿಲೆ, ಸಾವು, ಹಿಸ್ಸೆ, ಮುಪ್ಪು ಮುಂತಾದ ಬದಲಾವಣೆಗಳು ರಾಶಿಯ ಕಾಲವನ್ನು ನೋಡಿಕೊಂಡು ಬರುವುದಿಲ್ಲ. ಬೆಳೆಗೆ ಯಾವ ಗೊಬ್ಬರ, ಎಷ್ಟು ಪ್ರಮಾಣ ಎಂದು ವಿಚಾರಿಸಿ ಹಾಕುವ ರೈತರು, ಇಂಥ ತಿರುವುಗಳಲ್ಲಿ ಹಣದ ವಿಷಯವಾಗಿ ಅವಸರದ ನಿರ್ಧಾರ ತೆಗೆದುಕೊಂಡು ಹಲವು ವರ್ಷ ತೊಂದರೆಗೆ ಸಿಲುಕುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಹೊಲ ಕೈಬಿಟ್ಟು ಹೋಗುವುದು ಬೆಳೆ ಹೋದ ವರ್ಷದಲ್ಲಾದರೂ, ಅದಕ್ಕೆ ಕಾರಣವಾದ ನಿರ್ಧಾರ ಅನೇಕ ವೇಳೆ ಬೆಳೆ ಚೆನ್ನಾಗಿ ಬಂದ ವರ್ಷದಲ್ಲಿಯೇ ಆಗಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಒಣಬೇಸಾಯದವರ ಹಾಸಿಗೆಯ ಉದ್ದ ವರ್ಷ ವರ್ಷಕ್ಕೂ ಬೇರೆ ಬೇರೆ. 2015ರಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ಕ್ವಿಂಟಲ್ ತೊಗರಿಯ ದರ 10,000 ರೂಪಾಯಿ ದಾಟಿತ್ತು. ಆ ದರವನ್ನು ನಂಬಿ 2016ರಲ್ಲಿ ರೈತರು ಹೆಚ್ಚು ಕ್ಷೇತ್ರದಲ್ಲಿ ತೊಗರಿ ಬಿತ್ತಿದರು. ಮಳೆಯೂ ಅನುಕೂಲವಾಗಿ ಇಳುವರಿ ಹೆಚ್ಚಿತು. ಪರಿಣಾಮವಾಗಿ 2017ರ ಆರಂಭದಲ್ಲಿ ದರವು ಬೆಂಬಲ ಬೆಲೆಯಾದ 5,050 ರೂಪಾಯಿಗಿಂತಲೂ ಕೆಳಗೆ ಇಳಿಯಿತು. 2022ರ ಮುಂಗಾರು ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆರೋಗಕ್ಕೆ ತುತ್ತಾಗಿ, ಕಾಯಿ ಕಟ್ಟುವ ಹಂತದಲ್ಲಿಯೇ ಗಿಡಗಳು ಒಣಗಿಹೋದವು. ಹೀಗೆ ಒಮ್ಮೆ ದರದಿಂದ, ಇನ್ನೊಮ್ಮೆ ರೋಗದಿಂದ, ಮತ್ತೊಮ್ಮೆ ಮಳೆಯಿಂದ ಆದಾಯ ಏರಿಳಿಯುತ್ತದೆ. ಆದುದರಿಂದ ಒಳ್ಳೆಯ ವರ್ಷದ ಆದಾಯವನ್ನು ಅಳತೆಗೋಲಾಗಿ ಇಟ್ಟುಕೊಂಡು ಮಾಡಿದ ಯಾವ ನಿರ್ಧಾರವೂ ಬಾಳುವುದಿಲ್ಲ.

ಮೊದಲು ಲೆಕ್ಕ, ಆಮೇಲೆ ನಿರ್ಧಾರ

ಕುಟುಂಬದ ನಿಜವಾದ ಶಕ್ತಿ ಎಷ್ಟೆಂಬುದು ಒಂದು ವರ್ಷದ ಲೆಕ್ಕದಿಂದ ತಿಳಿಯುವುದಿಲ್ಲ. ಕನಿಷ್ಠ ಮೂರು ವರ್ಷಗಳ ಲೆಕ್ಕ ಬೇಕು. ಉದಾಹರಣೆಗೆ, ಕಮಲಾಪುರದ ಕಡೆಯ 5 ಎಕರೆ ತೊಗರಿ ಹೊಲ ಮತ್ತು ಎರಡು ಎಮ್ಮೆಗಳಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಸಾಗುವಳಿ ಖರ್ಚು ಎಕರೆಗೆ 14,000 ರೂಪಾಯಿಯಂತೆ ಒಟ್ಟು 70,000, ಹೈನಿನಿಂದ ವರ್ಷಕ್ಕೆ ನಿವ್ವಳ 40,000, ಮನೆಯ ವಾರ್ಷಿಕ ಖರ್ಚು 90,000 ರೂಪಾಯಿ ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ.

ಒಳ್ಳೆಯ ವರ್ಷ: 25 ಕ್ವಿಂಟಲ್ ತೊಗರಿ, ದರ 9,000 ರೂ., ಹುಟ್ಟುವಳಿ 2,25,000 ರೂ. ಸಾಗುವಳಿ ಖರ್ಚು ಕಳೆದು 1,55,000, ಹೈನು ಸೇರಿ 1,95,000. ಮನೆಯ ಖರ್ಚು ಹೋಗಿ ಉಳಿಕೆ 1,05,000 ರೂ.

ಸಾಧಾರಣ ವರ್ಷ: 20 ಕ್ವಿಂಟಲ್, ದರ 7,000 ರೂ., ಹುಟ್ಟುವಳಿ 1,40,000 ರೂ. ಸಾಗುವಳಿ ಖರ್ಚು ಕಳೆದು 70,000, ಹೈನು ಸೇರಿ 1,10,000. ಮನೆಯ ಖರ್ಚು ಹೋಗಿ ಉಳಿಕೆ 20,000 ರೂ.

ಕೆಟ್ಟ ವರ್ಷ: 10 ಕ್ವಿಂಟಲ್, ದರ 6,000 ರೂ., ಹುಟ್ಟುವಳಿ 60,000 ರೂ. ಸಾಗುವಳಿಯಲ್ಲಿಯೇ 10,000 ನಷ್ಟ. ಹೈನು ಸೇರಿ ಕೈಗೆ ಬರುವುದು 30,000. ಮನೆಯ ಖರ್ಚಿಗೆ ಕೊರತೆ 60,000 ರೂ.

ಮೂರು ವರ್ಷಗಳನ್ನು ಕೂಡಿಸಿದರೆ ನಿಜವಾದ ಉಳಿಕೆ 65,000 ರೂಪಾಯಿ ಮಾತ್ರ. ಅಂದರೆ ವರ್ಷಕ್ಕೆ ಸುಮಾರು 21,700 ರೂಪಾಯಿ. ಒಳ್ಳೆಯ ವರ್ಷದಲ್ಲಿ ಕೈಯಲ್ಲಿ ಕಂಡ 1,05,000 ರೂಪಾಯಿಯಲ್ಲಿ 60,000 ರೂಪಾಯಿ ಮುಂಬರುವ ಕೆಟ್ಟ ವರ್ಷದ ಪಾಲು. ಅದನ್ನು ಖರ್ಚು ಮಾಡಿದರೆ ಕೆಟ್ಟ ವರ್ಷದಲ್ಲಿ ಅಷ್ಟೇ ಹಣವನ್ನು ಬಡ್ಡಿಗೆ ತರಬೇಕಾಗುತ್ತದೆ.

ಪ್ರತಿಯೊಬ್ಬ ರೈತರೂ ತಮ್ಮ ಹೊಲ, ತಮ್ಮ ಮನೆಯ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಬರೆದು ನೋಡಬೇಕು. ಯುಗಾದಿಯಿಂದ ಯುಗಾದಿಗೆ ಒಂದು ನೋಟುಬುಕ್ಕು ಸಾಕು. ಒಂದು ಪುಟದಲ್ಲಿ ಬಂದದ್ದು, ಎದುರು ಪುಟದಲ್ಲಿ ಹೋದದ್ದು. ಹಾಲಿನ ಹಣ, ಕೂಲಿ, ಕಿರಾಣಿ ಅಂಗಡಿಯ ಉದ್ರಿ ಯಾವುದನ್ನೂ ಬಿಡಬಾರದು. ಮನೆಯ ಹೆಣ್ಣುಮಕ್ಕಳಿಗೆ ದಿನದ ಖರ್ಚಿನ ಅರಿವು ಹೆಚ್ಚಾಗಿರುವುದರಿಂದ ಅವರೂ ಕುಳಿತು ಬರೆಸುವುದು ಲೇಸು.

ರಾಶಿಯ ಹಣವನ್ನು ಹಂಚುವ ಕ್ರಮ

ತೊಗರಿ ಮಾರಿದ ಹಣ ಬಂದ ವಾರದಲ್ಲಿಯೇ ಅದನ್ನು ಈ ಕ್ರಮದಲ್ಲಿ ಹಂಚಬೇಕು.

1. ಬೆಳೆಸಾಲದ ಮರುಪಾವತಿ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲದ ಬಡ್ಡಿ ಶೇ. 7. ಗಡುವಿನೊಳಗೆ ಕಟ್ಟಿದವರಿಗೆ ಶೇ. 3ರ ರಿಯಾಯಿತಿ ದೊರೆತು ಅದು ಶೇ. 4 ಆಗುತ್ತದೆ. ಸಹಕಾರ ಸಂಘಗಳ ಮೂಲಕ ದೊರೆಯುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗಡುವು ಮೀರಿದರೆ ಈ ಸೌಲಭ್ಯ ತಪ್ಪುತ್ತದೆ.

2. ಮುಂದಿನ ಬಿತ್ತನೆಯ ಖರ್ಚು. ಬೀಜ, ಗೊಬ್ಬರ ಹಾಗೂ ಮೊದಲ ಎಡೆ ಹೊಡೆಯುವವರೆಗಿನ ಕೂಲಿಯ ಹಣವನ್ನು ಬೇರೆ ತೆಗೆದಿಡಬೇಕು.

3. ಹನ್ನೆರಡು ತಿಂಗಳ ಮನೆಯ ಖರ್ಚು. ಜೋಳ, ಬೇಳೆ ಮುಂತಾದ ವರ್ಷದ ಕಾಳನ್ನು ಮನೆಯಲ್ಲಿ ಇರಿಸಿಕೊಂಡೇ ಉಳಿದದ್ದನ್ನು ಮಾರಬೇಕು.

4. ಕೆಟ್ಟ ವರ್ಷದ ನಿಧಿ. ಇದನ್ನು ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಠೇವಣಿಯಾಗಿ ಇಡಬೇಕು. ಪ್ರತಿಯೊಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆಯ ರಕ್ಷಣೆ ಇದೆ. ಹೆಚ್ಚು ಬಡ್ಡಿಯ ಆಸೆಗೆ ನೋಂದಣಿಯಿಲ್ಲದ ಚೀಟಿಗಳಲ್ಲಿ ಈ ಹಣವನ್ನು ತೊಡಗಿಸಬಾರದು.

5. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಮಾತ್ರ ಮದುವೆ, ಮನೆ, ಬಂಗಾರ, ವಾಹನ ಮುಂತಾದವುಗಳಿಗೆ.

ಪ್ರತಿ ವರ್ಷ ಕಂತು ಕಟ್ಟಬೇಕಾದ ಯಾವ ಹೊಣೆಯನ್ನೂ ಒಳ್ಳೆಯ ವರ್ಷದ ಧೈರ್ಯದ ಮೇಲೆ ಹೊರಬಾರದು. ಕೆಟ್ಟ ವರ್ಷದಲ್ಲಿಯೂ, ಕೂಡಿಟ್ಟ ನಿಧಿಯ ನೆರವಿನಿಂದ, ಆ ಕಂತು ಕಟ್ಟಲು ಸಾಧ್ಯವೇ ಎಂದು ನೋಡಬೇಕು. ಕಮಲಾಪುರದ ಕೆಂಪು ಬಾಳೆ ಬೆಳೆಯುವವರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಈ ಬಾಳೆ ಗೊನೆಗೆ ಬರಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅದಕ್ಕಾಗಿ ತಂದ ಸಾಲದ ಗಡುವನ್ನು ಗೊನೆ ಕಡಿಯುವ ಕಾಲಕ್ಕೆ ಹೊಂದಿಸಿಕೊಳ್ಳುವ ಬಗ್ಗೆ ಸಾಲ ಪಡೆಯುವಾಗಲೇ ಬ್ಯಾಂಕಿನವರೊಡನೆ ಮಾತನಾಡಬೇಕು.

ರಾಶಿಯ ಕಾಲದಲ್ಲಿ ಮಾರುಕಟ್ಟೆಗೆ ಮಾಲು ಹೆಚ್ಚು ಬಂದು ದರ ಕುಸಿದಿದ್ದರೆ, ಎಲ್ಲ ತೊಗರಿಯನ್ನು ಒಮ್ಮೆಲೇ ಮಾರುವ ಅಗತ್ಯವಿಲ್ಲ. ಚೆನ್ನಾಗಿ ಒಣಗಿಸಿದ ಕಾಳನ್ನು ಮಾನ್ಯತೆ ಪಡೆದ ಉಗ್ರಾಣದಲ್ಲಿ ಇಟ್ಟು, ಅದರ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬಹುದು. ಬೆಂಬಲ ಬೆಲೆಯಲ್ಲಿ ಖರೀದಿ ನಡೆಯುವ ವರ್ಷಗಳಲ್ಲಿ ಹೆಸರು ನೋಂದಾಯಿಸುವ ದಿನಾಂಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ.

ಮದುವೆ

ಹಳ್ಳಿಯ ಕುಟುಂಬಗಳನ್ನು ಸಾಲಕ್ಕೆ ದೂಡುವ ಕಾರಣಗಳಲ್ಲಿ ಮದುವೆಯೂ ಒಂದು. ಮೇಲಿನ ಉದಾಹರಣೆಯ ಕುಟುಂಬ ಮದುವೆಗೆ 3 ಲಕ್ಷ ರೂಪಾಯಿ ಖರ್ಚು ಮಾಡಿದರೆ, ಅದು ಆ ಮನೆಯ ಸುಮಾರು 14 ವರ್ಷಗಳ ಉಳಿಕೆ. ಅದರಲ್ಲಿ 2 ಲಕ್ಷವನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ಬಡ್ಡಿಯೇ ವರ್ಷಕ್ಕೆ 48,000 ರೂಪಾಯಿ. ಸರಾಸರಿ ಉಳಿಕೆ 21,700 ಇರುವ ಮನೆಯಲ್ಲಿ ಬಡ್ಡಿಯ ಅರ್ಧವೂ ತೀರುವುದಿಲ್ಲ. ಅಸಲು ಹಾಗೆಯೇ ಉಳಿದು, ಕೊನೆಗೆ ಹೊಲವೇ ಅದನ್ನು ತೀರಿಸಬೇಕಾಗುತ್ತದೆ. ಮದುವೆಯ ಊಟ ಉಂಡವರು ವರ್ಷದೊಳಗೆ ಅದನ್ನು ಮರೆಯುತ್ತಾರೆ. ಸಾಲ ಮಾತ್ರ ಮನೆಯವರ ಜೊತೆಗೇ ಉಳಿಯುತ್ತದೆ.

ಆದುದರಿಂದ ಮಾತುಕತೆಗೆ ಕೂರುವ ಮೊದಲೇ ಖರ್ಚಿನ ಮಿತಿಯನ್ನು ಮನೆಯವರೆಲ್ಲ ಸೇರಿ ಗೊತ್ತುಮಾಡಿಕೊಳ್ಳಬೇಕು. ಮಠಗಳಲ್ಲಿ, ಜಾತ್ರೆಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳ ಪ್ರಯೋಜನ ಪಡೆಯುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಂತೆ ಅಪರಾಧ. ತೊಗರಿ ಮಾರಿದ ಹಣ ಕೈಯಲ್ಲಿದೆ, ಮುಂದಿನ ವರ್ಷ ಹೇಗೋ ಏನೋ ಎಂದು 18 ವರ್ಷ ತುಂಬದ ಮಗಳ ಮದುವೆ ಮುಗಿಸಿಬಿಡುವುದಂತೂ ಕಾನೂನಿಗೂ ಆ ಮಗುವಿನ ಆರೋಗ್ಯಕ್ಕೂ ವಿರುದ್ಧ. ಆ ಹಣವನ್ನು ಅವಳ ಓದಿಗೆ ಇಡುವುದು ಮೇಲು. 10 ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಒಳ್ಳೆಯ ವರ್ಷದಲ್ಲಿ ಹೆಚ್ಚು, ಕೆಟ್ಟ ವರ್ಷದಲ್ಲಿ ಕಡಿಮೆ ಕಟ್ಟಲು ಅವಕಾಶವಿರುವುದು ಒಣಬೇಸಾಯದವರಿಗೆ ಅನುಕೂಲ.

ಮಕ್ಕಳ ಓದು

ಹತ್ತನೆಯ ತರಗತಿ ಮುಗಿದ ಮಕ್ಕಳನ್ನು ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ಕಲಬುರಗಿಯ ಕಾಲೇಜುಗಳಿಗೆ ಕಳುಹಿಸುವುದು ಈಗ ಸಾಮಾನ್ಯ. ಖೂಬಾ ಪ್ಲಾಟಿನಂಥ ನಗರದ ಬಡಾವಣೆಯಲ್ಲಿ ಕೋಣೆ ಹಿಡಿದರೆ ಬಾಡಿಗೆಯನ್ನು ತಿಂಗಳು ತಿಂಗಳೂ ಕೊಡಬೇಕು. ತೊಗರಿಯ ಹಣ ಬರುವುದು ವರ್ಷಕ್ಕೊಮ್ಮೆ. ಅದೂ ಅಲ್ಲದೆ ಕಾಲೇಜಿನ ಪ್ರವೇಶ ಶುಲ್ಕ, ಕೋಣೆಯ ಮುಂಗಡ, ಪುಸ್ತಕಗಳ ಖರ್ಚು ಬರುವುದು ಬಿತ್ತನೆಯ ಕಾಲವಾದ ಜೂನ್ ತಿಂಗಳ ಸುಮಾರಿಗೆ. ಮುಂಜಾಗ್ರತೆ ಇಲ್ಲದ ಮನೆಗಳಲ್ಲಿ ಬೀಜ ಗೊಬ್ಬರದ ಹಣ ಕಾಲೇಜಿಗೆ ಹೋಗಿ, ಬಿತ್ತನೆಗೆ ಅಡತಿ ಅಂಗಡಿಯಲ್ಲಿ ಮುಂಗಡ ಎತ್ತುವುದು ಇಂಥ ಹೊತ್ತಿನಲ್ಲಿಯೇ. ಮುಂಗಡ ಕೊಟ್ಟ ಅಂಗಡಿಗೇ ಮಾಲು ಹಾಕಬೇಕಾಗಿ ಬಂದರೆ, ದರ ನೋಡಿ ಮಾರುವ ಸ್ವಾತಂತ್ರ್ಯವೂ ಹೋಗುತ್ತದೆ.

ಕೋಣೆಯ ಪಾಲು ಮತ್ತು ಊಟಕ್ಕೆ ತಿಂಗಳಿಗೆ 4,500 ರೂಪಾಯಿಯಂತೆ ಹತ್ತು ತಿಂಗಳಿಗೆ 45,000 ರೂಪಾಯಿ ಆಗುತ್ತದೆಂದು ಇಟ್ಟುಕೊಂಡರೆ, ಅದು ಉದಾಹರಣೆಯ ಕುಟುಂಬದ ಸರಾಸರಿ ಉಳಿಕೆಯ ಎರಡರಷ್ಟಕ್ಕಿಂತ ಹೆಚ್ಚು. ಹಾಗೆಂದು ಓದು ಬಿಡಿಸಬೇಕೆಂದಲ್ಲ. ಖರ್ಚನ್ನು ಇಳಿಸುವ ದಾರಿಗಳನ್ನು ಮೊದಲು ಹುಡುಕಬೇಕು. ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ಅರ್ಜಿಯನ್ನು ಕಾಲಕ್ಕೆ ಸರಿಯಾಗಿ ಹಾಕಬೇಕು. ಅದಕ್ಕೆ ಬೇಕಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಏಪ್ರಿಲ್‌ನಲ್ಲಿಯೇ ನಾಡಕಚೇರಿಯಿಂದ ಪಡೆದಿಡಬೇಕು. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಸೀಟುಗಳಲ್ಲಿ ಮೀಸಲಾತಿ ಇರುವುದರಿಂದ ಅದರ ಅರ್ಹತಾ ಪ್ರಮಾಣಪತ್ರವನ್ನೂ ಮಾಡಿಸಬೇಕು. ಮಗ ಅಥವಾ ಮಗಳು ಉನ್ನತ ಶಿಕ್ಷಣಕ್ಕೆ ಸೇರಿದರೆ ಕೈಸಾಲಕ್ಕಿಂತ ಬ್ಯಾಂಕಿನ ವಿದ್ಯಾಸಾಲ ಲೇಸು. ಸಾಮಾನ್ಯವಾಗಿ ಇದರ ಕಂತು ಓದು ಮುಗಿದ ಮೇಲೆ ಆರಂಭವಾಗುತ್ತದೆ.

ಕಾಯಿಲೆ ಮತ್ತು ಬೆಳೆ ನಷ್ಟ

ಆಸ್ಪತ್ರೆಯ ಖರ್ಚು ಒಂದೇ ವಾರದಲ್ಲಿ ಹಲವು ವರ್ಷಗಳ ಉಳಿಕೆಯನ್ನು ನುಂಗಬಹುದು. ಪಡಿತರ ಚೀಟಿ ಇರುವ ಬಡ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಡಬೇಕು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿತು. ಸಹಕಾರ ಸಂಘದ ಸದಸ್ಯರು ಅದರ ನೋಂದಣಿಯ ಅವಧಿಯನ್ನು ಸಂಘದ ಕಾರ್ಯದರ್ಶಿಯಲ್ಲಿ ವಿಚಾರಿಸಬಹುದು.

ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಬೇಳೆಕಾಳು ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರು ಕಟ್ಟುವ ಕಂತು ವಿಮಾ ಮೊತ್ತದ ಶೇ. 2. ಹಿಂಗಾರಿಗೆ ಶೇ. 1.5. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಇದು ಐಚ್ಛಿಕ. ಆದುದರಿಂದ ಬ್ಯಾಂಕು ತಾನೇ ಕಟ್ಟಿರುತ್ತದೆಂದು ನಂಬಿ ಕೂರದೆ, ವಿಮೆ ಆಗಿದೆಯೇ, ಯಾವ ಬೆಳೆಗೆ ಆಗಿದೆ ಎಂದು ನೋಡಿಕೊಳ್ಳಬೇಕು. ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು ಮುಂತಾದ ಸ್ಥಳೀಯ ವಿಕೋಪಗಳಾದರೆ 72 ಗಂಟೆಗಳೊಳಗೆ ತಿಳಿಸುವುದು ಅತ್ಯವಶ್ಯ.

ಮನೆಯ ಹಿರಿಯರು ತೀರಿಕೊಂಡಾಗ

ಹೆಚ್ಚಿನ ಮನೆಗಳಲ್ಲಿ ಸಾಲ ಎಲ್ಲಿದೆ, ಠೇವಣಿ ಎಲ್ಲಿದೆ, ಯಾರಿಗೆ ಕೊಟ್ಟದ್ದು ಬರಬೇಕು ಎಂಬುದು ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಅವರು ದಿಢೀರನೆ ಹೋದರೆ ಹೆಂಡತಿ ಮಕ್ಕಳಿಗೆ ಯಾವುದೂ ತಿಳಿಯದು. ಕಾಗದವಿಲ್ಲದ ಸಾಲಗಳು ಆ ದಿನಗಳಲ್ಲಿ ಬಾಗಿಲಿಗೆ ಬರುತ್ತವೆ. ಬರಬೇಕಾದ ಹಣ ಬರುವುದಿಲ್ಲ. ಇದಕ್ಕೆ ಮುಂಚೆಯೇ ಮಾಡಬಹುದಾದ ಏರ್ಪಾಡುಗಳು ಮೂರು.

ಮೊದಲನೆಯದಾಗಿ, ಪಹಣಿ, ಪಾಸುಬುಕ್ಕು, ವಿಮೆಯ ರಸೀದಿ, ಸಾಲದ ಕಾಗದ, ಆಧಾರ್ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು, ಅದರ ಪಟ್ಟಿಯನ್ನು ಮನೆಯಾಕೆಗೆ ತೋರಿಸಿರಬೇಕು. ಆಕೆಯ ಹೆಸರಿನಲ್ಲಿಯೂ ಒಂದು ಬ್ಯಾಂಕ್ ಖಾತೆ ಇರಬೇಕು.

ಎರಡನೆಯದಾಗಿ, ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಮಾಡಿಸಿರಬೇಕು. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ತಂದೆ ಅಥವಾ ಅಣ್ಣನ ಹೆಸರು ಹಾಗೆಯೇ ಉಳಿದಿರಬಹುದು. ಅದನ್ನು ಪರಿಶೀಲಿಸಿ ಬದಲಾಯಿಸಬೇಕು. ಬ್ಯಾಂಕಿನ ಠೇವಣಿಯಲ್ಲಿ ನಾಮನಿರ್ದೇಶಿತರು ಹಣವನ್ನು ಪಡೆಯಲು ಹಕ್ಕುಳ್ಳವರೇ ಹೊರತು, ಅದು ವಾರಸುದಾರರ ಪಾಲನ್ನು ಅಳಿಸುವುದಿಲ್ಲ ಎಂಬುದೂ ತಿಳಿದಿರಬೇಕು.

ಮೂರನೆಯದಾಗಿ, ಕಡಿಮೆ ಖರ್ಚಿನ ಜೀವವಿಮೆ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದವರು ಸೇರಬಹುದು. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷ ರೂಪಾಯಿಯ ರಕ್ಷಣೆ. ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದವರು ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ 2 ಲಕ್ಷ. ಎರಡೂ ಸೇರಿ 456 ರೂಪಾಯಿ. ಈ ವಿಮೆಗಳ ವರ್ಷ ಜೂನ್ 1ಕ್ಕೆ ಆರಂಭವಾಗುವುದರಿಂದ ಕಂತು ಮೇ ಕೊನೆಯ ಭಾಗದಲ್ಲಿ ಖಾತೆಯಿಂದ ಕಡಿತವಾಗುತ್ತದೆ. ಒಣಬೇಸಾಯದವರ ಖಾತೆ ಬಹುತೇಕ ಬರಿದಾಗಿರುವ ಕಾಲವೂ ಅದೇ. ಅಷ್ಟು ಹಣವನ್ನು ಖಾತೆಯಲ್ಲಿ ಉಳಿಸದೆ ವಿಮೆ ತಪ್ಪಿಹೋಗದಂತೆ ಎಚ್ಚರ ವಹಿಸಬೇಕು.

ಸಾವಿನ ನಂತರ ಮರಣ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದು, ವಿಮೆಯ ಹಕ್ಕುಪತ್ರವನ್ನು ಕೂಡಲೇ ಬ್ಯಾಂಕಿಗೆ ಸಲ್ಲಿಸಬೇಕು. ಪೌತಿ ಖಾತೆಗೆ ಅರ್ಜಿ ಕೊಟ್ಟು ಪಹಣಿಯಲ್ಲಿ ವಾರಸುದಾರರ ಹೆಸರು ಬರುವಂತೆ ಮಾಡಬೇಕು. ತೀರಿಕೊಂಡವರ ಹೆಸರಿನಲ್ಲಿಯೇ ಪಹಣಿ ಉಳಿದರೆ ಬೆಳೆಸಾಲ, ಬೆಳೆವಿಮೆ, ಸಹಾಯಧನ ಎಲ್ಲಕ್ಕೂ ಅಡಚಣೆಯಾಗುತ್ತದೆ. ಮೊದಲ ಆರು ತಿಂಗಳು ಹೊಲ, ದನಕರು, ಬಂಗಾರ ಯಾವುದನ್ನೂ ಮಾರುವ ನಿರ್ಧಾರ ತೆಗೆದುಕೊಳ್ಳದಿರುವುದು ಒಳಿತು. ಹೊಲ ನಡೆಸುವವರಿಲ್ಲದಿದ್ದರೆ ಒಂದು ವರ್ಷಕ್ಕೆ ಪಾಲಿಗೆ ಅಥವಾ ಲಾವಣಿಗೆ ಕೊಟ್ಟು ನೋಡಬಹುದು.

ಹಿಸ್ಸೆ

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವನ್ನು ಹಂಚುವಷ್ಟೇ ಎಚ್ಚರಿಕೆಯಿಂದ ಸಾಲವನ್ನೂ ಹಂಚಬೇಕು. ಯಾವ ಬ್ಯಾಂಕಿನ ಸಾಲವನ್ನು ಯಾರು, ಎಷ್ಟು, ಯಾವಾಗ ತೀರಿಸಬೇಕೆಂದು ವಿಭಾಗಪತ್ರದಲ್ಲಿ ಬರೆಯದಿದ್ದರೆ, ಒಬ್ಬರು ಕಟ್ಟದ ಸಾಲಕ್ಕೆ ಇನ್ನೊಬ್ಬರ ಪಾಲಿನ ಹೊಲವೂ ಸಿಕ್ಕಿಬೀಳುತ್ತದೆ. ಬಾವಿ, ದಾರಿ, ಎತ್ತುಗಳ ಬಳಕೆಯನ್ನೂ ಬರೆದಿಡಬೇಕು. 11ಇ ನಕ್ಷೆ ಮಾಡಿಸಿ, ಪತ್ರವನ್ನು ನೋಂದಾಯಿಸಿ, ಪಹಣಿ ಬೇರೆ ಮಾಡಿಸಿಕೊಂಡರೆ ಪ್ರತಿಯೊಬ್ಬರಿಗೂ ಸ್ವಂತ ಬೆಳೆಸಾಲ ದೊರೆಯುತ್ತದೆ.

ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಕ್ಕತಂಗಿಯರನ್ನು ಕೇಳದೆ ಮಾಡಿದ ಹಿಸ್ಸೆ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿ, ಹೊಲದ ಬೆಲೆಯನ್ನು ವ್ಯಾಜ್ಯದ ಖರ್ಚೇ ತಿನ್ನಬಹುದು. 5 ಎಕರೆ ಎರಡಾದರೆ ಎರಡೂವರೆ ಎಕರೆಯಲ್ಲಿ ಎರಡು ಮನೆಗಳ ಖರ್ಚು ನಡೆಯಬೇಕು. ಹೊಲ ಬೇರೆಯಾದರೂ ಎತ್ತು, ಕೂರಿಗೆ, ರಾಶಿಯಂತ್ರದ ಬಾಡಿಗೆ, ಮಾರುಕಟ್ಟೆಗೆ ಸಾಗಿಸುವ ಗಾಡಿ ಇವುಗಳನ್ನು ಕೂಡಿಯೇ ನಡೆಸಿದರೆ ಇಬ್ಬರಿಗೂ ಖರ್ಚು ಉಳಿಯುತ್ತದೆ.

ಮುಪ್ಪು

ಮಕ್ಕಳ ಮೇಲಿನ ನಂಬಿಕೆಯಿಂದ ಇದ್ದ ಹೊಲವನ್ನೆಲ್ಲ ಅವರ ಹೆಸರಿಗೆ ಬರೆದುಕೊಟ್ಟು, ಆಮೇಲೆ ಔಷಧಿಯ ಹಣಕ್ಕೂ ಕೈಚಾಚುವ ಸ್ಥಿತಿ ಯಾರಿಗೂ ಬರಬಾರದು. ತಮ್ಮ ಮತ್ತು ಹೆಂಡತಿಯ ಜೀವನಕ್ಕೆ ಸಾಕಾಗುವಷ್ಟು ಹೊಲವನ್ನು ಕೊನೆಯವರೆಗೂ ತಮ್ಮ ಹೆಸರಿನಲ್ಲಿಯೇ ಇರಿಸಿಕೊಳ್ಳುವುದು ವಿವೇಕ. ದಾನಪತ್ರ ಬರೆಯುವುದಾದರೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಸೇರಿಸಬೇಕು. ಹಾಗೆ ಷರತ್ತು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ.

ಯುವ ರೈತರು ಮುಪ್ಪಿನ ಏರ್ಪಾಡನ್ನು ಈಗಿನಿಂದಲೇ ಆರಂಭಿಸಬೇಕು. ಆದಾಯ ತೆರಿಗೆ ಕಟ್ಟದ 18ರಿಂದ 40 ವರ್ಷದವರು ಅಟಲ್ ಪಿಂಚಣಿ ಯೋಜನೆಗೆ ಸೇರಿದರೆ 60 ವರ್ಷದ ನಂತರ ಆಯ್ಕೆಗೆ ತಕ್ಕಂತೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಪಿಂಚಣಿ ಬರುತ್ತದೆ. ಸೇರುವ ವಯಸ್ಸು ಕಡಿಮೆಯಾದಷ್ಟೂ ಕಂತು ಕಡಿಮೆ.

ನೆನಪಿಡಬೇಕಾದ ಅಂಶಗಳು

1. ನಿರ್ಧಾರಕ್ಕೆ ಮೊದಲು ಮೂರು ವರ್ಷಗಳ ಲೆಕ್ಕ ನೋಡಬೇಕು. ಒಳ್ಳೆಯ ವರ್ಷದ ಉಳಿಕೆಯಲ್ಲಿ ಕೆಟ್ಟ ವರ್ಷದ ಪಾಲೂ ಇದೆ.

2. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಅಳೆಯಬೇಕು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ. 36. ಜೂನ್‌ನಲ್ಲಿ ತಂದ 50,000 ರೂಪಾಯಿಗೆ ಎಂಟು ತಿಂಗಳಲ್ಲಿ 12,000 ರೂಪಾಯಿ ಬಡ್ಡಿ. ಶೇ. 7ರ ಬೆಳೆಸಾಲದಲ್ಲಿ ಅದು ಸುಮಾರು 2,330 ರೂಪಾಯಿ ಮಾತ್ರ.

3. ಹುಟ್ಟುವಳಿ ತರದ ಖರ್ಚಿಗೆ ಹೊಲವನ್ನು ಅಡವಿಡಬಾರದು.

4. ಮದುವೆ, ಹೆರಿಗೆ, ಸಾವು, ಹಿಸ್ಸೆ ಯಾವುದಾದರೂ ಆದ ಕೂಡಲೇ ನಾಮನಿರ್ದೇಶನ, ಪಹಣಿ, ಪಡಿತರ ಚೀಟಿ, ವಿಮೆ ಈ ನಾಲ್ಕನ್ನೂ ಪರಿಶೀಲಿಸಿ ತಿದ್ದಿಸಬೇಕು.

5. ಮೇ ಕೊನೆಯಲ್ಲಿ ಖಾತೆಯಲ್ಲಿ ವಿಮೆಯ ಕಂತಿನ ಹಣ ಇರಬೇಕು.

6. ಮನೆಯ ಲೆಕ್ಕ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.

ವಿಸ್ತರಣಾ ಕಾರ್ಯಕರ್ತರು ರಾಶಿಗೆ ಮೊದಲು, ಡಿಸೆಂಬರ್ ತಿಂಗಳಲ್ಲಿ ಹಳ್ಳಿಗಳಿಗೆ ಹೋದಾಗ ಬೆಳೆಯ ವಿಷಯದ ಜೊತೆಗೆ ಈ ಲೆಕ್ಕವನ್ನೂ ರೈತ ದಂಪತಿಗಳನ್ನು ಕೂಡಿಸಿ ಬರೆಯಿಸುವುದು ಉಪಯುಕ್ತ. ಹಣ ಕೈಗೆ ಬಂದ ಮೇಲೆ ಹೇಳಿದ ಮಾತಿಗಿಂತ, ಬರುವ ಮೊದಲು ಬರೆದಿಟ್ಟ ಅಂಕಿ ಹೆಚ್ಚು ಕೆಲಸ ಮಾಡುತ್ತದೆ.